ಹನ್ನೊಂದೂವರೆಯ ಮನೆ

ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಜನ ಹೊರಗೆ ಬರಬಹುದು ಎಂದು ಟಿವಿಯಲ್ಲಿ ಹೇಳಿದ್ದೇ ತಡ, ಮಂಟಯ್ಯ ಕೈಯಲ್ಲಿದ್ದ ಕಾಫಿ ಲೋಟವನ್ನು ನೆಲಕ್ಕೆ ಕುಕ್ಕಿ, ಈ ಸರ್ಕಾರಕ್ಕೆ ತಲೆ ನೆಟ್ಟಗಿಲ್ಲ ಎಂದು ತೀರ್ಪು ಕೊಟ್ಟ. ಹಾಲಿಗೆ ಅವಕಾಶ, ಸೊಪ್ಪಿಗೆ ಅವಕಾಶ, ಕುರಿ ಮಾಂಸಕ್ಕೆ ಅವಕಾಶ, ಬ್ರಾಂದಿ ಅಂಗಡಿಗೂ ಅವಕಾಶ. ಮನೆ ಕಟ್ಟುವ ಗಾರೆಯವನಿಗೂ ಅವಕಾಶ. ಕಟ್ಟಿದ ಮನೆಯನ್ನು ತೋರಿಸುವವನಿಗೆ ಮಾತ್ರ ಇಲ್ಲ.

“ಮನೇಲೇ ಇರಿ, ಮನೇಲೇ ಇರಿ ಅಂತ ಬಡ್ಕೋತಾರೆ. ಆ ಮನೆ ಹುಡುಕ್ಕೊಡೋನು ಅಗತ್ಯ ಅಲ್ವಂತೆ,” ಎಂದು ಹೆಂಡತಿ ಪುಟ್ಟಲಿಂಗಮ್ಮನಿಗೆ ದೂರು ಹೇಳಿದ.

ಪುಟ್ಟಲಿಂಗಮ್ಮ ಹುರುಳಿಕಾಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಮದ್ವೆಯಾದಾಗ್ಲಿಂದ ನಾನೂ ಅದ್ನೇ ಹೇಳ್ತಿದ್ದೀನಿ. ಸರ್ಕಾರಕ್ಕೆ ಈಗ ಗೊತ್ತಾಯ್ತು ಬುಡಿ.”

ಇಲ್ಲಿ ಮಂಟಯ್ಯನ ಕಸುಬಿನ ಗುಟ್ಟೊಂದನ್ನು ಹೇಳಬೇಕು. ಅವನು ಮೈಸೂರಿನಲ್ಲಿ ಮನೆ ದಲ್ಲಾಳಿ. ಪ್ರತಿ ಮನೆಗೂ ಒಂದು ಹೊತ್ತಿದೆ ಎಂಬುದು ಅವನ ಶಾಸ್ತ್ರ. ಹೆಣ್ಣು ನೋಡಲು ಬಂದಾಗ ಹುಡುಗಿಗೆ ಒಳ್ಳೆಯ ಸೀರೆ ಉಡಿಸುವ ಹಾಗೆ, ಮನೆ ನೋಡಲು ಬಂದಾಗ ಅದಕ್ಕೆ ಒಳ್ಳೆಯ ಹೊತ್ತು ಉಡಿಸಬೇಕು. ಮರದ ಮಿಲ್ಲಿನ ಪಕ್ಕದ ಮನೆಯನ್ನು ಭಾನುವಾರ ತೋರಿಸಬೇಕು. ಬಿಸಿಲು ಬೀಳದ ಮನೆಯನ್ನು ದೀಪ ಹಚ್ಚುವ ಹೊತ್ತಿಗೆ ತೋರಿಸಬೇಕು. ಆಗ ಊರಿನ ಯಾವ ಮನೆಗೂ ಬಿಸಿಲಿರುವುದಿಲ್ಲ. ನೀರು ದಿನ ಬಿಟ್ಟು ದಿನ ಬರುವ ಮನೆಗೆ ನೀರು ಬಂದ ದಿನವೇ ಕರೆದುಕೊಂಡು ಹೋಗಿ, ನಲ್ಲಿ ತಿರುಗಿಸಿ, ಕೈ ತೊಳೆದು, ‘ಕಾವೇರಿ ಸ್ವಾಮಿ, ಕಾವೇರಿ’ ಎನ್ನಬೇಕು. ಇದನ್ನು ಯಾರಾದರೂ ಮೋಸ ಎಂದರೆ ಮಂಟಯ್ಯ ಜಗಳಕ್ಕೇ ನಿಲ್ಲುತ್ತಿದ್ದ.

ಎರಡನೇ ಅಲೆಯ ಆ ದಿನಗಳಲ್ಲಿ ಅವನ ಕೈಯಲ್ಲಿ ಉಳಿದಿದ್ದವುಗಳಲ್ಲಿ ಕುದುರುವಂಥದ್ದು ಒಂದೇ ಮನೆ. ಜಯಲಕ್ಷ್ಮಿಪುರಂನಲ್ಲಿ ಕೆಂಪು ನೆಲದ, ಮುಂದೆ ಸಂಪಿಗೆ ಮರವಿರುವ ಹಳೆಯ ಮನೆ. ಮನೆಯ ಒಡೆಯರು ಹಾಸನದಲ್ಲಿದ್ದರು. ಕೀಲಿಯೂ ಮಾತುಕತೆಯ ಅಧಿಕಾರವೂ ಮಂಟಯ್ಯನದು. ಎಲ್ಲ ಸರಿಯಿದ್ದ ಆ ಮನೆಯ ಹೊತ್ತು ಮಾತ್ರ ತೀರಾ ಚಿಕ್ಕದು: ಹನ್ನೊಂದೂವರೆಯಿಂದ ಹನ್ನೆರಡೂವರೆ. ಅದಕ್ಕೆ ಕಾರಣ ಪಕ್ಕದ ಮನೆಯ ಕರಿಬಸವಯ್ಯನವರು.

ಕರಿಬಸವಯ್ಯನವರು ಪೊಲೀಸ್ ಬ್ಯಾಂಡಿನಲ್ಲಿ ಊದಿ ನಿವೃತ್ತರಾದವರು. ಊದುತ್ತಿದ್ದದ್ದು ಟ್ಯೂಬಾ ಎಂಬ ಹಿತ್ತಾಳೆಯ ವಾದ್ಯ. ಬಚ್ಚಲ ಹಂಡೆಗೆ ಹೆಬ್ಬಾವು ಸುತ್ತಿಕೊಂಡ ಹಾಗಿದ್ದ ಅದನ್ನು ಬೀದಿಯವರು ಹಂಡೆ ಎಂದೇ ಕರೆಯುತ್ತಿದ್ದರು. ನಿವೃತ್ತಿಯಾದ ಮೇಲೆ ಅಂಥದ್ದೇ ಒಂದನ್ನು ಸ್ವಂತಕ್ಕೆ ಕೊಂಡು ಮನೆಯಲ್ಲಿಟ್ಟುಕೊಂಡಿದ್ದರು. ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಹಂಡೆಯನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಸುತ್ತಲಿನ ಮನೆಗಳ ಅಡುಗೆಕೋಣೆಯಲ್ಲಿ ಸ್ಟೀಲ್ ತಟ್ಟೆಗಳು ತಾವಾಗಿಯೇ ಅಲ್ಲಾಡುತ್ತಿದ್ದವು. ಮೊದಲೆಲ್ಲ ಎಂಟಕ್ಕೆ ನಿಲ್ಲಿಸುತ್ತಿದ್ದರು. ಕೊರೊನಾ ಬಂದಮೇಲೆ, ಉಸಿರಿನ ವ್ಯಾಯಾಮ ಮಾಡಿ ಎಂದು ಡಾಕ್ಟರೊಬ್ಬರು ಟಿವಿಯಲ್ಲಿ ಹೇಳಿದ್ದೇ ನೆಪವಾಗಿ ಹತ್ತರವರೆಗೆ ಎಳೆದರು. ಆಮೇಲೆ ತಿಂಡಿ, ಬೀದಿಗೆಲ್ಲ ಕೇಳುವ ಹಾಗೆ ಪೇಪರು ಓದುವುದು. ಹನ್ನೊಂದೂವರೆಗೆ ಒಂದು ಗಂಟೆಯ ನಿದ್ದೆ. ಎದ್ದಮೇಲೆ ಮತ್ತೆ ಹಂಡೆ.

ಅಂದರೆ ಸರ್ಕಾರ ಹೊರಗೆ ಬನ್ನಿ ಎಂದ ಹೊತ್ತೂ ಕರಿಬಸವಯ್ಯನವರು ಊದುವ ಹೊತ್ತೂ ಒಂದೇ. ಇಬ್ಬರೂ ಎದುರುಬದುರು ಕೂತು ಮಾತಾಡಿಕೊಂಡೇ ಇದನ್ನು ಮಾಡಿದ್ದಾರೆ ಎಂದು ಮಂಟಯ್ಯನಿಗೆ ಅನುಮಾನ ಬಂತು.

ಲಾಕ್‌ಡೌನ್ ಮುಗಿಯಲಿ ಎಂದು ಕಾಯುವ ಹಾಗೂ ಇರಲಿಲ್ಲ. ಮನೆಯೊಳಗೆ ಇನ್ನೊಂದು ಆಜ್ಞೆ ಹೊರಟಿತ್ತು. ಪುಟ್ಟಲಿಂಗಮ್ಮನ ತಮ್ಮ ನಾಗೇಂದ್ರನದು ದೇವರಾಜ ಮೊಹಲ್ಲಾದಲ್ಲಿ ಬಾಳೆಹಣ್ಣಿನ ಮಂಡಿ. ಹಣ್ಣು ಅಗತ್ಯ ವಸ್ತು, ಹಾಗಾಗಿ ನಾಗೇಂದ್ರನೂ ಅಗತ್ಯ ಮನುಷ್ಯ. ಸ್ಕೂಟರಿಗೆ ಪಾಸು ಅಂಟಿಸಿಕೊಂಡು, ರಸ್ತೆಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ ಹಾರನ್ ಹೊಡೆಯುತ್ತ ತಿರುಗುತ್ತಿದ್ದ. ಅವನು ಚಿಕ್ಕವನಿದ್ದಾಗ ಮೂಗು ಒರೆಸಿ ಸೈಕಲ್ ಕಲಿಸಿದವನು ಇದೇ ಮಂಟಯ್ಯ. ಈಗ ಅವನೇ ಬಾಗಿಲಲ್ಲಿ ನಿಂತು, “ಭಾವ, ಗೊನೆ ಇಳಿಸೋಕೆ ಒಬ್ರು ಬೇಕು. ಬನ್ನಿ, ನಿಮಗೂ ಒಂದು ಪಾಸ್ ಮಾಡುಸ್ಕೊಡ್ತೀನಿ,” ಎಂದು ಹೇಳಿ ಹೋಗಿದ್ದ. ಆಷಾಢ ಹುಟ್ಟುವುದರೊಳಗೆ ಈ ವ್ಯಾಪಾರ ಕುದುರದಿದ್ದರೆ ತಮ್ಮನ ಮಂಡಿಗೆ ಹೋಗಲೇಬೇಕು ಎಂದು ಪುಟ್ಟಲಿಂಗಮ್ಮ ಗೆರೆ ಎಳೆದಿದ್ದಳು. ಆಷಾಢದಲ್ಲಿ ಯಾರೂ ಮನೆ ಕೊಳ್ಳುವುದಿಲ್ಲ. ಅದು ಕಳೆಯುವಷ್ಟರಲ್ಲಿ ಸರ್ಕಾರ ಇನ್ನೇನನ್ನು ಮುಚ್ಚಿರುತ್ತದೋ ಯಾರಿಗೆ ಗೊತ್ತು. ‘ಭಾವ, ಆ ಗೊನೆ ಇಲ್ಲಿಡಿ, ಈ ಗೊನೆ ಅಲ್ಲಿಡಿ’ ಎಂದು ನಾಗೇಂದ್ರನ ಬಾಯಲ್ಲಿ ಅನ್ನಿಸಿಕೊಳ್ಳುವುದನ್ನು ನೆನೆದರೇ ಮಂಟಯ್ಯನ ಮೈ ಉರಿಯುತ್ತಿತ್ತು.

ಗಿರಾಕಿ ಇಲ್ಲವೆಂದಲ್ಲ. ಬನ್ನಿಮಂಟಪದ ಬಸಮ್ಮನವರು ಇದ್ದರು. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಡ್ರಿಲ್ ಕಲಿಸಿ ನಿವೃತ್ತರಾದವರು. ಒಂಟಿ ಜೀವ. ಬಾಡಿಗೆ ಮನೆ ಸಾಕಾಗಿ ಸ್ವಂತದ್ದು ಬೇಕು ಎಂದಿದ್ದರು. ಸೂಜಿ ಬಿದ್ದರೂ ಕೇಳಿಸುವಂಥ ಬೀದಿ ಮೇಡಮ್ಮೋರೇ ಎಂದು ಮಂಟಯ್ಯ ಫೋನಿನಲ್ಲಿ ಈಗಾಗಲೇ ಹೊಗಳಿಬಿಟ್ಟಿದ್ದ. ಹನ್ನೊಂದೂವರೆಗೆ ವಿಡಿಯೋ ಕಾಲಿನಲ್ಲಿ ತೋರಿಸುತ್ತೇನೆ ಎಂದು ಈಗ ಹೊಸ ದಾರಿ ಹಿಡಿದ. ಅವರು ಒಪ್ಪಲಿಲ್ಲ.

“ಮನೆ ಅನ್ನೋದನ್ನ ಕಾಲಲ್ಲಿ ನೋಡ್ಬೇಕು ಕಣ್ರೀ, ಫೋನಲ್ಲಲ್ಲ. ಬುಧವಾರ ಬೆಳಿಗ್ಗೆ ಏಳಕ್ಕೆ ಬರ್ತೀನಿ. ತರಕಾರಿ ಚೀಲ ಹಿಡ್ಕೊಂಡ್ರೆ ಯಾರು ಕೇಳ್ತಾರೆ?”

ಬುಧವಾರದೊಳಗೆ ಕರಿಬಸವಯ್ಯನವರನ್ನು ಸುಮ್ಮನಾಗಿಸಬೇಕಿತ್ತು. ಮಂಟಯ್ಯ ಬೂದುಗುಂಬಳಕಾಯಿ ಹೊತ್ತು ಹೊರಟ. ಆ ಕಾಯಿಯೇ ಅವನ ಪಾಸು. ಸೊಪ್ಪು ಬಾಡುತ್ತದೆ, ಟೊಮೇಟೊ ಕೊಳೆಯುತ್ತದೆ, ಬೂದುಗುಂಬಳ ಮಾತ್ರ ತಿಂಗಳುಗಟ್ಟಲೆ ಹಾಗೇ ಇರುತ್ತದೆ ಎಂದು ಯೋಚಿಸಿ ಲಾಕ್‌ಡೌನ್ ಶುರುವಾದಾಗಲೇ ಕೊಂಡಿದ್ದ. ಯಾರು ತಡೆದರೂ, ತರಕಾರಿಗೆ ಬಂದಿದ್ದೆ ಸ್ವಾಮಿ ಎಂದು ಅದನ್ನು ತೋರಿಸುವುದು. ಕಾಳಿದಾಸ ರಸ್ತೆಯ ಬ್ಯಾರಿಕೇಡಿನಲ್ಲಿದ್ದ ಪೊಲೀಸಿನವನು ಅಂದು ಕಾಯಿಯನ್ನು ತಟ್ಟಿ ನೋಡಿದ.

“ಯಜಮಾನ್ರೇ, ನಾನು ನಮ್ಮನೆಗೆ ಹೋಗಿರೋದಕ್ಕಿಂತ ಜಾಸ್ತಿ ಸಲ ಈ ಕಾಯಿ ನಿಮ್ಮನೆಗೆ ಹೋಗಿದೆಯಲ್ಲ.”

ಇದು ಬೇರೆ ಕಾಯಿ ಎಂದು ಮಂಟಯ್ಯ ಜೋರು ಮಾಡಿದ. ಪೊಲೀಸಿನವನು ವಾದಕ್ಕೆ ಬರದೆ, ಜೇಬಿನಿಂದ ಸ್ಕೆಚ್ ಪೆನ್ನು ತೆಗೆದು ಕಾಯಿಯ ಮೇಲೆ ದಪ್ಪಗೆ ಒಂದು ಗುರುತು ಹಾಕಿ ಬಿಟ್ಟುಕಳಿಸಿದ.

ಕರಿಬಸವಯ್ಯನವರು ಮಾತು ಕೇಳುವ ಜಾತಿಯಲ್ಲ. ಬುಧವಾರ ಒಂದು ದಿನ ಊದಬೇಡಿ ಎಂದು ಮಂಟಯ್ಯ ಕೈಮುಗಿದರೆ, ನನ್ನ ಉಸಿರಿಗೆ ನೀನು ಜವಾಬ್ದಾರನೋ ಎಂದು ರೇಗಿದರು. ಹಾಗೆ ರೇಗುವಾಗಲೇ ಒಂದು ಸಂಗತಿ ಹೊರಬಿತ್ತು. ಅವರಿನ್ನೂ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಸೂಜಿ ಚುಚ್ಚಿದರೆ ಉಸಿರು ಕುಗ್ಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಕೂತಿದ್ದರು. ಮಂಟಯ್ಯನ ತಲೆಯಲ್ಲಿ ದೀಪ ಹತ್ತಿತು. ಆರೋಗ್ಯ ಕೇಂದ್ರದ ಮುಂದೆ ಬೆಳಿಗ್ಗೆ ಆರಕ್ಕೆ ಸಾಲಿನಲ್ಲಿ ಕೂತವರು ಹತ್ತಕ್ಕೆ ಮುಂಚೆ ಎದ್ದು ಬಂದದ್ದನ್ನು ಅವನು ನೋಡಿರಲಿಲ್ಲ. ಅವನು ಚಾಪೆಯ ಮೇಲೆ ಕೂತು, ದನಿ ತಗ್ಗಿಸಿ, ಲಸಿಕೆಯನ್ನು ಮಾರತೊಡಗಿದ. ಪಾಪ, ಅವನಿಗೆ ಗೊತ್ತಿದ್ದದ್ದು ಸೈಟು ಮಾರುವ ಮಾತೊಂದೇ.

“ಅಯ್ನೋರೇ, ನಿಮ್ಮ ಹೊಟ್ಟೇಲಿ ಹುಟ್ಟಿದ ಮಗ ಅಂದ್ಕೊಳ್ಳಿ. ಉಳಿದಿರೋದೇ ಸ್ವಲ್ಪ. ಬೆಂಗ್ಳೂರು ಪಾರ್ಟಿಗಳು ಕಾರು ಮಾಡ್ಕೊಂಡು ಬಂದು ಇಲ್ಲಿ ಚುಚ್ಚುಸ್ಕೊಂಡು ಹೋಗ್ತಾವ್ರೆ. ಈ ವಾರ ಬುಟ್ರೆ ಮುಂದೆ ಈ ರೇಟಿಗೆ ಸಿಕ್ಕಲ್ಲ.”

“ಅದು ಪುಕ್ಕಟೆ ಅಲ್ವೇನಯ್ಯ?”

“ಅದ್ನೇ ನಾನೂ ಹೇಳ್ತಿರೋದು. ಇದಕ್ಕಿಂತ ಕಮ್ಮಿ ಯಾರು ಕೊಡ್ತಾರೆ?”

ಆರೋಗ್ಯ ಕೇಂದ್ರ ಪೂರ್ವ ದಿಕ್ಕಿಗಿದೆ, ಮೂಲೆ ಕಟ್ಟಡ, ಗಾಳಿ ಬೆಳಕು ಚೆನ್ನಾಗಿದೆ, ಯಾವ ತಕರಾರೂ ಇಲ್ಲ, ನೂರಾರು ಜನ ಹಾಕಿಸಿಕೊಂಡು ಸುಖವಾಗಿದ್ದಾರೆ ಎಂದು ಬಿಡದೆ ಬಡಬಡಿಸಿದ. ಉಸಿರಿನ ಗತಿಯೇನು ಎಂದು ಮುದುಕರು ಕೇಳಿದಾಗ, ಮಾರನೇ ದಿನದಿಂದ ಇನ್ನೂ ಜೋರಾಗುತ್ತದೆ ಎಂದು ಎದೆ ತಟ್ಟಿ ಹೇಳಿದ. ಕರಿಬಸವಯ್ಯನವರು ಬುಧವಾರಕ್ಕೆ ಒಪ್ಪಿದರು.

ಬುಧವಾರ ಆರಕ್ಕೆ ಮಂಟಯ್ಯ ತಾನೇ ಅವರ ಕೈಗೆ ಕೊಡೆಯನ್ನೂ ನೀರಿನ ಬಾಟಲಿಯನ್ನೂ ಕೊಟ್ಟು, ಬೀದಿಯ ತಿರುವಿನವರೆಗೆ ಹೋಗಿ, ಅತ್ತೆಮನೆಗೆ ಮಗಳನ್ನು ಕಳಿಸುವವನ ಹಾಗೆ ನಿಂತು ನೋಡಿ ಬಂದ. ಏಳಕ್ಕೆ ಸರಿಯಾಗಿ ಬಸಮ್ಮನವರು ಬಂದರು. ಬಿಳಿ ಕ್ಯಾನ್‌ವಾಸ್ ಬೂಟು, ಕೈಯಲ್ಲಿ ತರಕಾರಿ ಚೀಲ, ಕೊರಳಲ್ಲಿ ಈಗಲೂ ವಿಷಲ್. ಕೋಣೆ ಕೋಣೆ ಹೊಕ್ಕು, ಗೋಡೆ ಗುದ್ದಿ, ಕಿಟಕಿ ತೆಗೆದು ಮುಚ್ಚಿ ನೋಡಿದರು. ಬೀದಿಯಲ್ಲಿ ಒಂದು ಕಾಗೆಯೂ ಕೂಗಲಿಲ್ಲ. ಮಂಟಯ್ಯನಿಗೆ ತನ್ನ ಜಾಣತನ ಕಂಡು ತನಗೇ ಕಣ್ಣು ತುಂಬಿತು.

ಬಸಮ್ಮನವರು ನಡುಮನೆಯಲ್ಲಿ ನಿಂತು ಕಣ್ಣು ಮುಚ್ಚಿದರು. ಕಣ್ಣು ತೆರೆದವರೇ ಬೇಡ ಎಂದುಬಿಟ್ಟರು.

ಕಾರಣ ಕೇಳಿದರೆ ಬನ್ನಿಮಂಟಪದ ಕತೆ ತೆಗೆದರು. ಅವರ ಬಾಡಿಗೆ ಮನೆ ಮೈದಾನದ ಮಗ್ಗುಲಲ್ಲೇ ಇತ್ತು. ದಸರಾ ಹತ್ತಿರವಾದಂತೆ ಪಂಜಿನ ಕವಾಯತಿನ ತಾಲೀಮು. ಬ್ಯಾಂಡು, ಬೂಟು, ಕುದುರೆ. ಕಿಟಕಿ ಗಾಜು ಅದುರುವಾಗಲೇ ಅವರಿಗೆ ಸುಖನಿದ್ದೆ. ಹಿಂದಿನ ವರ್ಷ ಕವಾಯತೂ ಇಲ್ಲವಾಗಿ ಮೈದಾನ ಬಣಬಣ. ಆಮೇಲೆ ಕೇಳಿದ್ದೆಲ್ಲ ಆಂಬುಲೆನ್ಸಿನ ಸದ್ದು ಮಾತ್ರ.

“ನಂಗೆ ಸದ್ದಿರೋ ಕಡೆ ಬೇಕು ಕಣ್ರೀ ಮಂಟಯ್ಯ. ಇಲ್ಲಿ ನಾನು ಸತ್ರೆ ನಂಗೇ ಗೊತ್ತಾಗಲ್ಲ.”

ಮಂಟಯ್ಯ ಮನೆಯಲ್ಲಿ ಹೆಣ ಬಿದ್ದವನ ಹಾಗೆ ಬಾಯಿ ಬಡಕೊಂಡ. ಸದ್ದಿದೆ ಮೇಡಮ್ಮೋರೇ, ಪಕ್ಕದಲ್ಲೇ ಬ್ಯಾಂಡಿದೆ, ಆರರಿಂದ ಹತ್ತರವರೆಗೆ ಭೂಮಿ ಅದುರುತ್ತದೆ, ಇವತ್ತೊಂದು ದಿನ ಅವರು ಲಸಿಕೆಗೆ ಹೋಗಿದ್ದಾರೆ ಎಂದು ಹೇಳಿದಷ್ಟೂ ಅದು ಸುಳ್ಳಿನ ಹಾಗೇ ಕೇಳಿಸಿತು.

“ಮೊನ್ನೆ ಸೂಜಿ ಬಿದ್ರೂ ಕೇಳ್ಸುತ್ತೆ ಅಂದ್ರಿ. ಇವತ್ತು ಬ್ಯಾಂಡ್ ಅಂತೀರಿ. ನಂಗೆ ಮಾವಿನಕಾಯಿ ಬೇಕು ಅಂದ್ರೆ ಅದನ್ನೂ ಈ ಸಂಪಿಗೆ ಮರದಲ್ಲೇ ತೋರುಸ್ತೀರಾ?”

ಹೋಗುವಾಗ ಒಂದು ಗಡುವು ಕೊಟ್ಟರು. ಭಾನುವಾರದಿಂದ ಆಷಾಢ. ಶುಕ್ರವಾರ ಏಳಕ್ಕೆ ಮತ್ತೆ ಬರುತ್ತಾರೆ. ಬ್ಯಾಂಡು ಕೇಳಿಸಿದರೆ ನಿಂತ ಕಾಲಲ್ಲೇ ಮುಂಗಡ. ಇಲ್ಲದಿದ್ದರೆ ಇನ್ನು ಫೋನು ಮಾಡಬಾರದು.

ಗುರುವಾರ ಬೆಳಿಗ್ಗೆ ಆರಕ್ಕೆ ಮಂಟಯ್ಯ ಕಾಂಪೌಂಡ್ ಗೋಡೆಗೆ ಕಿವಿ ಹಚ್ಚಿ ನಿಂತ. ಆ ಹಂಡೆಯ ಸದ್ದಿಗಾಗಿ ಅವನು ಆಸೆಪಟ್ಟದ್ದು ಅದೇ ಮೊದಲು. ಕೇಳಿಸಿದ್ದು ಬರೀ ನರಳಾಟ. ಒಳಗೆ ಹೋಗಿ ನೋಡಿದರೆ ಕರಿಬಸವಯ್ಯನವರು ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದ್ದರು. ಲಸಿಕೆಯ ಜ್ವರ. ಎಡತೋಳು ಮೇಲೇಳುತ್ತಿರಲಿಲ್ಲ. ಸಿಟ್ಟು ಮಾತ್ರ ನೆಟ್ಟಗೇ ಇತ್ತು. ಉಸಿರು ಜೋರಾಗುತ್ತದೆ ಎಂದವನು ನೀನೇ ಅಲ್ಲವೋ ಎಂದು ಬಾಯಿಗೆ ಬಂದಂತೆ ಬೈದರು. ಮಂಟಯ್ಯ ಬೈಸಿಕೊಳ್ಳುತ್ತಲೇ ಜ್ವರದ ಮಾತ್ರೆ ನುಂಗಿಸಿದ, ರಾಗಿ ಗಂಜಿ ಕುಡಿಸಿದ, ಮೆಣಸಿನ ಕಷಾಯ ಕಾಯಿಸಿಕೊಟ್ಟ, ಕಾಲೊತ್ತಿದ. ಕೊನೆಗೆ, ನಾಳೆ ಏಳಕ್ಕೆ ದಯವಿಟ್ಟು ಊದಬೇಕು ಎಂದು ಬಾಯಿಬಿಟ್ಟ.

“ಮೊನ್ನೆ ಊದ್ಬೇಡ ಅಂದೆ, ಇವತ್ತು ಊದು ಅಂತೀಯ. ನಾನೇನು ನಿಮ್ಮನೆ ಮದ್ವೆಗೆ ಬಂದಿರೋ ವಾಲಗದವನೇನಯ್ಯ?”

ಬನ್ನಿಮಂಟಪದಿಂದ ಒಬ್ಬರು ನಿಮ್ಮ ವಾದ್ಯ ಕೇಳುವುದಕ್ಕೆಂದೇ ಬರುತ್ತಿದ್ದಾರೆ ಎಂದು ಮಂಟಯ್ಯ ಹೇಳಿದ. ಮುದುಕರು ಕಂಬಳಿಯೊಳಗಿಂದ ತಲೆ ಹೊರಹಾಕಿದರು. ಇಷ್ಟು ವರ್ಷ ಊದಿದ್ದಕ್ಕೆ ಬೀದಿಯಿಂದ ಬಂದದ್ದು ಬರೀ ತಕರಾರು. ಕೇಳುವುದಕ್ಕೆಂದೇ ಬರುವವರು! ಉಸಿರು ಹೇಗೋ ಹಾಕಬಹುದು, ಆದರೆ ವಾದ್ಯ ಎತ್ತಿ ಹಿಡಿಯಲು ಆಗುವುದಿಲ್ಲ, ಯಾರಾದರೂ ಹೊರಬೇಕು ಎಂದರು. ಹೊರುವವನು ಯಾರು? ಅಲ್ಲಿದ್ದವನು ಮಂಟಯ್ಯ ಒಬ್ಬನೇ. ಹಾಗಾದರೆ ಆ ಹೊತ್ತಿಗೆ ಪಕ್ಕದ ಮನೆ ತೋರಿಸುವವರು ಯಾರು?

ಬೇರೆ ದಾರಿಯಿಲ್ಲದೆ ಪುಟ್ಟಲಿಂಗಮ್ಮನನ್ನು ಒಪ್ಪಿಸಿದ. ಸಂಪಿಗೆ ಮರದ ಬಗ್ಗೆ ಮಾತಾಡು, ಕಾವೇರಿ ನೀರಿನ ಬಗ್ಗೆ ಮಾತಾಡು, ಬಚ್ಚಲ ಬಾಗಿಲು ಮಾತ್ರ ಮುಟ್ಟಬೇಡ ಎಂದು ರಾತ್ರಿಯೆಲ್ಲ ಪಾಠ ಹೇಳಿಕೊಟ್ಟ. ಅವಳು ಆಕಳಿಸುತ್ತ ಕೇಳಿಸಿಕೊಂಡಳು.

ಶುಕ್ರವಾರ ಏಳಕ್ಕೆ ಮುಂಚೆ ಕರಿಬಸವಯ್ಯನವರ ಜಗುಲಿಯಲ್ಲಿ ಮಂಟಯ್ಯ ಮೊಣಕಾಲೂರಿ ಕೂತ. ಹಂಡೆ ಅವನ ಬೆನ್ನೇರಿತು. ಅದರ ಅಗಲ ಬಾಯಿ ಸರಿಯಾಗಿ ಅವನ ಬಲಗಿವಿಯ ಪಕ್ಕಕ್ಕೇ ಬಂತು. ಹಿಂದೆ ಕುರ್ಚಿಯಲ್ಲಿ ಕಂಬಳಿ ಹೊದ್ದ ಮುದುಕರು ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಅಡುಗೆಕೋಣೆಯ ಕಿಟಕಿ ತೆರೆದಿತ್ತು. ಬಸಮ್ಮನವರು ಬಂದದ್ದೂ, ತನ್ನ ಹೆಂಡತಿ ಮಾತು ಶುರುಮಾಡಿದ್ದೂ ಮಂಟಯ್ಯನಿಗೆ ಸ್ಪಷ್ಟವಾಗಿ ಕೇಳಿಸಿತು.

“ನೋಡಿ ತಾಯಿ, ಈ ನಲ್ಲಿ ಸೋರುತ್ತೆ. ನೀರು ದಿನ ಬಿಟ್ಟು ದಿನ. ಬಚ್ಚಲ ಬಾಗಿಲು ಈಗ್ತಾನೆ ನೋಡ್ದೆ, ಒದ್ರೇನೇ ಮುಚ್ಚೋದು. ನಮ್ಮೆಜಮಾನ್ರು ಈ ಮನೇನ ಹನ್ನೊಂದೂವರೆಗೆ ಮಾತ್ರ ತೋರ್ಸೋದು. ಅದ್ಯಾಕೆ ಅಂತ ನೀವೇ ತಿಳ್ಕೊಳ್ಳಿ.”

ಅಯ್ಯೋ ಎಂದು ಮಂಟಯ್ಯ ಎದ್ದೇಳಲು ಹೋದ. ಅಷ್ಟರಲ್ಲಿ ಕರಿಬಸವಯ್ಯನವರು ಊದಿದರು.

ಮೊದಲ ಉಸಿರಿಗೆ ಬಂದದ್ದು ಎಮ್ಮೆ ಕರು ಹಾಕುವಾಗಿನ ಸದ್ದು. ಸಂಪಿಗೆ ಮರದ ಕಾಗೆಗಳೆಲ್ಲ ಒಟ್ಟಿಗೇ ಎದ್ದವು. ಎರಡನೆಯದಕ್ಕೆ ಮಂಟಯ್ಯನ ಹಲ್ಲು ಅದುರಿತು. ಮೂರನೆಯದಕ್ಕೆ ಮಾತ್ರ ಮುದುಕರ ಉಸಿರು ದಾರಿ ಹಿಡಿದು, ಕವಾಯತಿನಲ್ಲಿ ಪಡೆ ಹೊರಡುವಾಗಿನ ನಡಿಗೆಯ ಮಟ್ಟು ಹೊರಟಿತು. ಅಡುಗೆಕೋಣೆಯಲ್ಲಿ ಬಸಮ್ಮನವರ ಕ್ಯಾನ್‌ವಾಸ್ ಬೂಟು ತಾನಾಗಿಯೇ ನೆಲ ಬಡಿಯತೊಡಗಿತು. ಕೊರಳಿನ ವಿಷಲ್ ಬಾಯಿಗೆ ಹೋಯಿತು. ವಿಷಲ್ ಕೇಳಿದ್ದೇ ಕರಿಬಸವಯ್ಯನವರು ಜ್ವರ ಮರೆತು ಕುರ್ಚಿಯಲ್ಲಿ ನೆಟ್ಟಗಾದರು. ಅವರು ಊದುವುದು, ಇವರು ವಿಷಲ್ ಹೊಡೆದು ಒಲೆಕಟ್ಟೆಯಿಂದ ಬಾಗಿಲವರೆಗೆ ಕವಾಯತು ನಡೆಯುವುದು, ನಡುವೆ ಮಂಟಯ್ಯ ದೇವರ ಅಡ್ಡಪಲ್ಲಕ್ಕಿ ಹೊತ್ತವನ ಹಾಗೆ ಬೆವರು ಸುರಿಸುವುದು.

ವಿಷಲ್ ಸದ್ದಿಗೆ ಬ್ಯಾರಿಕೇಡಿನ ಪೊಲೀಸಿನವನು ಓಡಿಬಂದ. ಗೇಟಿನ ಬಳಿ ಮೊದಲು ಕಣ್ಣಿಗೆ ಬಿದ್ದದ್ದು ತಾನೇ ಗುರುತು ಹಾಕಿದ್ದ ಬೂದುಗುಂಬಳಕಾಯಿ. ಅದನ್ನೆತ್ತಿಕೊಂಡು ಜಗುಲಿಗೆ ಬಂದು, ಲಾಕ್‌ಡೌನಿನಲ್ಲಿ ಸಂಗೀತ ಅಗತ್ಯ ಸೇವೆಯಲ್ಲಿ ಬರುವುದಿಲ್ಲ ಎಂದ.

“ಇದು ಸಂಗೀತ ಅಲ್ಲಪ್ಪ, ಆರೋಗ್ಯ. ಟಿವೀಲಿ ಡಾಕ್ಟ್ರೇ ಹೇಳವ್ರೆ,” ಎಂದರು ಕರಿಬಸವಯ್ಯನವರು.

“ಮತ್ತೆ ಕೆಳಗಿರೋ ಇವರು?”

“ಅವರು ಸ್ಟ್ಯಾಂಡು.”

ಪೊಲೀಸಿನವನು ಸ್ಟ್ಯಾಂಡನ್ನು ಬಗ್ಗಿ ನೋಡಿದ. ಬೈಯಬೇಕೆಂದು ಬಂದವನಿಗೆ ಎಲ್ಲಿಂದ ಶುರುಮಾಡುವುದೆಂದೇ ತಿಳಿಯಲಿಲ್ಲ. ಕಾಯಿಯನ್ನಾದರೂ ಜಪ್ತಿ ಮಾಡೋಣವೆಂದು ಕಂಕುಳಿಗೆ ಸೇರಿಸಿದರೆ, ಕಾಂಪೌಂಡಿನ ಆಚೆಯಿಂದ ಬಸಮ್ಮನವರು ಅವನನ್ನು ಗದರಿಸಿದರು. ಅದನ್ನು ಅಲ್ಲೇ ಇಡಬೇಕಂತೆ. ಹೊಸ ಮನೆಯ ಬಾಗಿಲಿಗೆ ದೃಷ್ಟಿ ತಾಗದ ಹಾಗೆ ಕಟ್ಟಲು ಬೇಕಂತೆ. ಮನೆ ತಮ್ಮದಾಯಿತಂತೆ.

ಮುಂಗಡವನ್ನು ಅವರು ಕೊಟ್ಟದ್ದು ಪುಟ್ಟಲಿಂಗಮ್ಮನ ಕೈಗೆ. ಸೋರುವ ನಲ್ಲಿಯನ್ನು ಮೊದಲೇ ಹೇಳಿದ ದಲ್ಲಾಳಿಯನ್ನು ಜೀವಮಾನದಲ್ಲೇ ಕಂಡಿರಲಿಲ್ಲ ಎಂದರು. ತಮ್ಮ ಜೊತೆ ಕೆಲಸ ಮಾಡಿದ ಟೀಚರುಗಳಲ್ಲಿ ಮನೆ ಹುಡುಕುತ್ತಿರುವವರು ಇನ್ನೂ ಇದ್ದಾರೆ, ಆದರೆ ತೋರಿಸಲು ನೀವೇ ಬರಬೇಕು, ನಿಮ್ಮ ಯಜಮಾನರನ್ನು ಕಳಿಸಬೇಡಿ ಎಂದೂ ಹೇಳಿ ಹೋದರು.

ಆ ದಿನವೇ ನಾಗೇಂದ್ರ ಫೋನು ಮಾಡಿ, ಸೋಮವಾರದಿಂದ ಭಾವ ಬರುತ್ತಾರೆ ತಾನೇ ಎಂದು ಕೇಳಿದ.

“ಅವರು ಬರಲ್ಲ ಕಣೋ. ಅವರಿಗೆ ಕೆಲ್ಸ ಸಿಕ್ತು,” ಎಂದಳು ಪುಟ್ಟಲಿಂಗಮ್ಮ. “ನನ್ನತ್ರ.”

ಪಕ್ಕದಲ್ಲೇ ಕೂತಿದ್ದ ಮಂಟಯ್ಯನಿಗೆ ಅದು ಕೇಳಿಸಲಿಲ್ಲ. ಬಲಗಿವಿಯಲ್ಲಿ ಹಂಡೆ ಇನ್ನೂ ಗುಂಯ್‌ಗುಡುತ್ತಿತ್ತು. ಹೆಂಡತಿಯ ಮುಖ ನೋಡಿ ಮಂಡಿಯ ಕಾಟ ತಪ್ಪಿತೆಂದು ಮಾತ್ರ ಅರ್ಥಮಾಡಿಕೊಂಡು, ಹೌದು ಹೌದು ಎಂದು ಖುಷಿಯಿಂದ ತಲೆಯಾಡಿಸಿದ.

ಸೋಮವಾರ ಆರಕ್ಕೇ ಅವಳು ಅವನನ್ನು ಎಬ್ಬಿಸಿದಳು. ಬಸಮ್ಮನವರ ಕಡೆಯ ಟೀಚರೊಬ್ಬರಿಗೆ ಮರದ ಮಿಲ್ಲಿನ ಪಕ್ಕದ ಮನೆಯನ್ನು ಮಿಲ್ಲು ಓಡುವಾಗಲೇ ತೋರಿಸಬೇಕಂತೆ. ಆಷಾಢದಲ್ಲಿ ಕೊಳ್ಳಬಾರದು ಅಷ್ಟೇ, ನೋಡುವುದಕ್ಕೇನು ಎಂಬುದು ಅವಳ ಹೊಸ ಶಾಸ್ತ್ರ. ಮಂಟಯ್ಯ ಅಭ್ಯಾಸದಂತೆ ಮೂಲೆಯಲ್ಲಿ ಬೂದುಗುಂಬಳಕಾಯಿಗಾಗಿ ತಡಕಾಡಿದ. ಅದು ಜಯಲಕ್ಷ್ಮಿಪುರಂನಲ್ಲಿ ಪೊಲೀಸಿನವನ ಗುರುತಿನ ಸಮೇತ ಬಸಮ್ಮನವರ ಬಾಗಿಲಲ್ಲಿ ತೂಗುತ್ತಿತ್ತು. ಹಾಗಾದರೆ ಪಾಸಿಗೇನು ಮಾಡುವುದು?

ಪುಟ್ಟಲಿಂಗಮ್ಮ ಅದಕ್ಕೂ ವ್ಯವಸ್ಥೆ ಮಾಡಿದ್ದಳು. ತಮ್ಮನಿಗೆ ಹೇಳಿ ಮಂಡಿಯಿಂದ ಹಸಿರು ಬಾಳೆಗೊನೆಯೊಂದನ್ನು ತರಿಸಿಟ್ಟಿದ್ದಳು. ಅವಳು ಕೈಬೀಸಿಕೊಂಡು ಮುಂದೆ ನಡೆದಳು. ಮಂಟಯ್ಯ ನಾಗೇಂದ್ರನ ಗೊನೆಯನ್ನು ಹೆಗಲ ಮೇಲೆ ಹೊತ್ತು, ಬೈದುಕೊಳ್ಳಲು ಸರ್ಕಾರವೊಂದು ಇದೆಯಲ್ಲ ಎಂಬ ಸಮಾಧಾನದಲ್ಲಿ, ಅವಳ ಹಿಂದೆ ಹಿಂದೆ ಹೋದ.